ಬೇಸ್ ಗಿಟಾರಿನ ಹಳೆಯ ಗಾಯ

"ಇದು ಬಿದ್ದು ಮುರಿದಿದ್ದಲ್ಲ," ಎಂದರು ಸೂರಪ್ಪಜ್ಜ.

ಬಾಯಲ್ಲಿ ಬೀಡಿ ಇತ್ತು, ಹಚ್ಚಿರಲಿಲ್ಲ. ಕೆಲಸ ಮುಗಿಯುವ ತನಕ ಅದನ್ನು ಸುಮ್ಮನೆ ಕಚ್ಚಿಕೊಂಡೇ ಇರುತ್ತಾರೆ. ಮೊಳಕಾಲ್ಮುರಿನ ಅರ್ಧ ಮಗ್ಗಗಳಿಗೆ ಲಾಳಿ ಮಾಡಿಕೊಟ್ಟ ಕೈ ಅದು. ಗಿಟಾರ್ ಮುಟ್ಟುತ್ತಿರುವುದು ಇದೇ ಮೊದಲು.

ಮಣೆಯ ಮೇಲೆ ಬೇಸ್ ಗಿಟಾರ್ ಅಂಗಾತ ಮಲಗಿತ್ತು. ಉದ್ದನೆಯ ಕತ್ತು ತುದಿಯ ಹತ್ತಿರ ಮುರಿದು, ತಂತಿ ಬಿಗಿಯುವ ಕೀಲಿಗಳಿರುವ ತಲೆ ಬೇರೆಯಾಗಿ, ನಾಲ್ಕು ದಪ್ಪ ತಂತಿಗಳಿಗೆ ಜೋತುಬಿದ್ದಿತ್ತು. ಕೊಯ್ದ ಕೋಳಿಯ ಹಾಗೆ.

"ನಾನೂ ಎರಡು ದಿನದಿಂದ ಅದನ್ನೇ ಬಡ್ಕೊಂತಿದೀನಿ," ಅಂದ ಅಣ್ಣ ಲೋಹಿತ. "ಒಬ್ರಾದ್ರೂ ಕೇಳಿದ್ರಾ?"

"ನಿನ್ನ ಬಾಯಿ ಮಾತು ಯಾರು ಕೇಳ್ತಾರಲೇ. ಮರ ಮಾತಾಡ್ತೈತೆ, ಅದನ್ನ ಕೇಳು."

ಬುಧವಾರ ಸಂಜೆ ದೇವಸಮುದ್ರದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಪೆಟ್ಟಿಗೆ ತೆಗೆದಾಗ ಗಿಟಾರ್ ಹೀಗೆ ಸಿಕ್ಕಿತ್ತು. ಆರ್ಕೆಸ್ಟ್ರಾದ ಮಾಲೀಕ ಬಾಲರಾಜ್ ಇಡೀ ತಂಡದ ಮುಂದೆ ಅಣ್ಣನಿಗೆ ಬೆರಳು ತೋರಿಸಿ, "ಬೀಳಿಸಿದ್ದೂ ಅಲ್ದೆ ಸುಳ್ಳು ಬೇರೆ" ಅಂದಿದ್ದರು. ಬೀಳಿಸಿದ್ದು ತಾನಲ್ಲ ಎಂದು ಶುಕ್ರವಾರ ಸಂಜೆಯೊಳಗೆ ತೋರಿಸದಿದ್ದರೆ ಅಣ್ಣ ತಂಡದಲ್ಲಿಲ್ಲ. ಚಿತ್ರದುರ್ಗದಿಂದ ಬಳ್ಳಾರಿಯವರೆಗೆ ಇನ್ಯಾವ ತಂಡವೂ ಸೇರಿಸಿಕೊಳ್ಳದ ಹಾಗೆ ಸುದ್ದಿ ಹಬ್ಬುತ್ತದೆ.

ಇವತ್ತು ಶುಕ್ರವಾರ. ಮಧ್ಯಾಹ್ನ ಹನ್ನೆರಡೂವರೆ. ಮೂರಕ್ಕೆ ಬಾಲರಾಜ್ ಇಲ್ಲಿಗೇ ಬರುತ್ತೇನೆ ಅಂದಿದ್ದಾರೆ.

ನಾನು ಡೈರಿ ಬಿಚ್ಚಿದೆ.

ಹೊಸಬರ ಮುಂದೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬಿ.ಎ. ಮುಗಿಸಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ. ಬರೆಯಲು ಮಾತ್ರ ಹೆದರಿಕೆಯಿಲ್ಲ. ಈ ಡೈರಿಯ ಬೆನ್ನು ಹೋದ ವರ್ಷ ಬಿಟ್ಟುಕೊಂಡಾಗ ಅವ್ವ ರೇಷ್ಮೆ ದಾರದಲ್ಲಿ ಹೊಲಿದುಕೊಟ್ಟಿದ್ದಳು, ಬಿಳಿ ದಾರದ ನಡುವೆ ಒಂದು ಹಸಿರೆಳೆ ಸೇರಿಸಿ. ಮೊರವಾಗಲಿ, ಕೊಡೆಯ ಹಿಡಿಯಾಗಲಿ, ಅವ್ವ ಕಟ್ಟಿ ಸರಿಮಾಡಿದ್ದಕ್ಕೆಲ್ಲ ಆ ಎಳೆ ಇರಲೇಬೇಕು. "ಮುರಿದಿದ್ದಕ್ಕೆ ಒಂದೆಳೆ ಹಸಿರಿರ್ಲಿ" ಅನ್ನುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಹಚ್ಚಿಕೊಂಡ ರೂಢಿ.

"ಯಾಕಜ್ಜ ಬಿದ್ದಿದ್ದಲ್ಲ ಅಂತೀರಾ?" ಎಂದು ಕೇಳಿದೆ. ಸೂರಪ್ಪಜ್ಜ ಹೊಸಬರಲ್ಲ. ಏಳು ವರ್ಷದ ಹಿಂದೆ ಚಳ್ಳಕೆರೆಗೆ ಹೋಗುವ ತನಕ ನಾವು ಇದೇ ಬೀದಿಯಲ್ಲಿದ್ದವರು.

"ಬಾ ಇಲ್ಲಿ. ತುದಿ ನೋಡು. ಬಿದ್ದಿದ್ರೆ ಮೊದ್ಲು ಪೆಟ್ಟು ಎಲ್ಲಿಗೆ ಬೀಳ್ಬೇಕು? ಇಲ್ಲಿಗೆ. ಬಣ್ಣ ಒಂದು ಚಕ್ಕೆ ಎದ್ದೈತಾ?"

ಎದ್ದಿರಲಿಲ್ಲ. ಕಪ್ಪು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೆಟ್ಟಿಗೆಯ ಮೂಲೆಗಳಿಗೂ ಏಟು ಬಿದ್ದ ಗುರುತಿರಲಿಲ್ಲ.

"ಈಗ ಮುರಿದ ಬಾಯಿ ನೋಡು."

ತಂತಿಗಳನ್ನು ಸಡಿಲಿಸಿ ತಲೆಯನ್ನು ನನ್ನ ಕಡೆ ತಿರುಗಿಸಿದರು. ಮುರಿದ ಮರದ ಮೇಲ್ಭಾಗ ಹೊಸದಾಗಿ ಸಿಗಿದ ಸೌದೆಯಂತೆ ಬೆಳ್ಳಗಿತ್ತು. ಕೆಳಗಿನ ಅರ್ಧ ಬೇರೆಯೇ. ಕಂದು ಬಣ್ಣ, ಬೆಲ್ಲದ ಪಾಕ ಒಣಗಿದ ಹಾಗೆ ಹೊಳಪು.

"ಅಂಟು," ಅಂದೆ.

"ಹಳೇ ಅಂಟು. ಈ ಕತ್ತು ಒಂದ್ಸಲ ಮುರಿದೈತಮ್ಮಾ. ಯಾರೋ ಕೂಡ್ಸಿ, ಮೇಲೆ ಬಣ್ಣ ಬಳಿದು ಮುಚ್ಚವ್ರೆ."

ಅಣ್ಣ ಎದ್ದು ನಿಂತ. "ಸಾಧ್ಯಾನೇ ಇಲ್ಲ. ಬಾಲಣ್ಣ ಇದನ್ನ ಬೆಂಗಳೂರಿನಾಗೆ ಹೊಸದು ತಂದಿದ್ದು. ಎಂಬತ್ತೆಂಟರಾಗೆ. ಒಂದು ಗೀರೂ ಬಿದ್ದಿಲ್ಲ ಅಂತ ಸ್ಟೇಜ್ ಮೇಲೆ ಮೈಕ್ ಹಿಡಿದು ಹೇಳ್ತಾರೆ."

"ಮೈಕ್ ಹಿಡಿದ್ರೆ ಗಿಣೀನೂ ಹೇಳ್ತೈತೆ."

ಸೂರಪ್ಪಜ್ಜ ಉಳಿಯ ಮೂಲೆಯಿಂದ ಕತ್ತಿನ ಹಿಂಬದಿಯ ಬಣ್ಣವನ್ನು ಒಂದಿಷ್ಟೇ ಕೆರೆದರು. ಕಪ್ಪಿನ ಕೆಳಗೆ ಬಿರುಕು ಮುಚ್ಚಲು ಮೆತ್ತುವ ಬಿಳಿ ಲಪ್ಪ, ಅದರ ಕೆಳಗೆ ಒತ್ತೊತ್ತಾಗಿ ಸುತ್ತಿದ ದಾರ. ಮರದಲ್ಲಿ ತೆಳ್ಳಗೆ ಕಾಲುವೆ ಕೊರೆದು, ದಾರ ಸುತ್ತಿ, ಮೇಲೆ ಲಪ್ಪ ತುಂಬಿ ಕೈಗೆ ಸಿಗದ ಹಾಗೆ ನಯಮಾಡಿದ್ದರು. ಕೆರೆದ ಉಳಿಯನ್ನು ಅಜ್ಜ ಮೂಗಿನ ಹತ್ತಿರ ಹಿಡಿದರು.

"ಅಯ್ಯೋ ದೇವುಡಾ," ಎಂದರು ಮೆಲ್ಲಗೆ. ಆಶ್ಚರ್ಯವಾದಾಗ ಅವರಿಗೆ ತೆಲುಗು ಬರುತ್ತದೆ. "ಇದು ನಮ್ಮೂರ ಕೈ."

"ಹೆಂಗೆ ಗೊತ್ತಾಯ್ತು?"

"ಲಾಳಿ ಸೀಳಿದ್ರೆ ನಾವು ಇಂಗೇ ಕಟ್ಟೋದು. ರೇಷ್ಮೆ ದಾರ, ಚರ್ಮ ಕುದಿಸಿದ ಅಂಟು. ದಾರ ಕೂಡಿದ ಜಾಗ ನೋಡು, ಗಂಟೈತಾ?"

ಇರಲಿಲ್ಲ. ಎರಡು ಎಳೆಗಳ ತುದಿ ಸೇರಿಸಿ ಹೊಸೆದಿದ್ದರು. ಆ ಜಾಗದಲ್ಲಿ ಬೂದು ಬಣ್ಣದ ಸಣ್ಣ ಕಲೆ. ಬೂದಿ.

ಅದು ನನಗೆ ಗೊತ್ತು. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಒಂದು ಹಾಸು ನೇಯ್ದು ಮುಗಿದ ಮೇಲೆ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ಕೆಚ್ಚುವುದು ಅನ್ನುತ್ತಾರೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುವುದು, ಗಂಟು ಹಾಕುವಂತಿಲ್ಲ. ಸಾವಿರಾರು ಎಳೆ, ಬಗ್ಗಿದ ಬೆನ್ನು. ನಮ್ಮ ಬೀದಿಯ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ.

ಡೈರಿಯಲ್ಲಿ ಬರೆದೆ: ಕಟ್ಟಿದ್ದು ಹೆಂಗಸು. ಮೊಳಕಾಲ್ಮುರಿನವಳು.

ಅದರ ಮೇಲೆ, ಬೆಳಿಗ್ಗೆ ಹಾನಗಲ್ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಾ ಬರೆದ ಇನ್ನೊಂದು ಸಾಲಿತ್ತು: 'ಅವ್ವ ಸೂರಪ್ಪಜ್ಜನ ಹತ್ತಿರ ಬೇಡ ಅಂದಳು. ಚಿತ್ರದುರ್ಗಕ್ಕೆ ಒಯ್ಯಿರಿ ಅಂದಳು. ಯಾಕೆ ಅಂದರೆ ಪಾತ್ರೆ ತೊಳೆಯಲು ಎದ್ದುಹೋದಳು.'

ಆಗ ಆ ಸಾಲಿನ ಕಡೆ ನಾನು ಗಮನ ಕೊಡಲಿಲ್ಲ.

ಮೂರು ಗಂಟೆಗೆ ಸರಿಯಾಗಿ ಹೊರಗೆ ಬೈಕು ನಿಂತಿತು.

ಬಾಲರಾಜ್‌ಗೆ ಐವತ್ತರ ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಬಾಚಣಿಗೆ. ಬಾಗಿಲಲ್ಲೇ ನಿಂತು ತಲೆ ಬಾಚಿಕೊಂಡು ಒಳಗೆ ಬಂದರು.

"ಏನಲೇ ಲೋಹಿತ, ಸಾಕ್ಷಿಗೆ ತಂಗೀನೂ ಕರ್ಕಂಡು ಬಂದೀಯಾ?"

"ಬಾಲಣ್ಣ, ಇವಳು ಸ್ವಪ್ನ. ಏನೋ ತೋರ್ಸ್ಬೇಕಂತೆ."

"ತೋರ್ಸಮ್ಮ. ಬೇಗ. ಬಳ್ಳಾರಿಯಿಂದ ಒಬ್ಬ ಹುಡುಗ ಗಿಟಾರ್ ಸಮೇತ ಬರಾಕೆ ರೆಡಿ ಅವ್ನೆ. ನಾಳೆ ಸಾಯಂಕಾಲ ಚಳ್ಳಕೆರೇಲಿ ಪ್ರೋಗ್ರಾಂ."

ಅಣ್ಣ ಆಗಷ್ಟೇ ಮೂಲೆ ಹೋಟೆಲಿನಿಂದ ಚಹಾ ತಂದಿಟ್ಟಿದ್ದ. ಗ್ಲಾಸು ಹಿಡಿಯಲಾರದಷ್ಟು ಬಿಸಿ. ಸೆರಗಿನ ತುದಿಯಲ್ಲಿ ಅದನ್ನು ಎತ್ತಿ, ಮಾತಾಡದೆ, ಮುರಿದ ತಲೆಯ ಕಂದು ಭಾಗಕ್ಕೆ ಒತ್ತಿ ಹಿಡಿದೆ.

"ಏನ್ ಮಾಡ್ತೀಯಮ್ಮ? ಗಿಟಾರಿಗೆ ಚಹಾ ಕುಡಿಸ್ತೀಯಾ?"

ನಾನು ಮನಸ್ಸಿನಲ್ಲೇ ನೂರರ ತನಕ ಎಣಿಸಿದೆ. ಗ್ಲಾಸು ತೆಗೆದೆ. ಕಂದು ಅಂಟು ಬೆವತಿತ್ತು. ಬೆರಳಿಟ್ಟು ಎತ್ತಿದರೆ ಜೇನಿನಂತೆ ಎಳೆ ಬಂತು. ಕಮಟು ವಾಸನೆ.

"ಚರ್ಮದ ಅಂಟು," ಎಂದರು ಸೂರಪ್ಪಜ್ಜ ನನ್ನ ಸಹಾಯಕ್ಕೆ ಬಂದು. "ಲಾಳಿ ಕಟ್ಟೋ ನಮ್ಮೂರ ಕೈಯೇ ಇದು. ಬಿಸಿ ತಾಗಿದ್ರೆ ಅಂಟು ಕರಗ್ತೈತೆ. ಮಗ್ಗ ಇರೋದು ಗುಂಡಿಯಾಗೆ, ತಂಪಿನಾಗೆ. ಲಾಳಿಗೆ ಬಿಸಿಲು ಕಾಣೋ ಯೋಗಾನೇ ಇಲ್ಲ. ಅದ್ಕೇ ನಮಗೆ ನಡೀತೈತೆ. ಗಿಟಾರಿಗೆ ಹಾಕಿದೋರು ಅಲ್ಲೇ ಎಡವಿದ್ದು."

"ಮೆಟಾಡೋರ್ ಮೇಲೆ..." ಎಂದೆ. ಮತ್ತೆ ಶುರುಮಾಡಿದೆ. "ಬುಧವಾರ ಗಿಟಾರ್ ಪೆಟ್ಟಿಗೆ ಎಲ್ಲಿತ್ತು ಸಾರ್?"

"ಮೇಲೆ, ಕ್ಯಾರಿಯರ್ ಮೇಲೆ. ಯಾವಾಗ್ಲೂ ಒಳಗೇ ಇರ್ತಿತ್ತು, ಅವತ್ತು ಒಳಗೆಲ್ಲ ಸ್ಪೀಕರ್ ತುಂಬಿದ್ವು."

"ಮೇಲೆ ಹಾಕು ಅಂದಿದ್ದು ಯಾರು?"

ಬಾಲರಾಜ್ ಜೇಬಿನ ಬಾಚಣಿಗೆ ಸರಿಮಾಡಿಕೊಂಡರು. ಅಣ್ಣ ತನ್ನ ಚಪ್ಪಲಿ ನೋಡಿಕೊಂಡ.

"ಏಪ್ರಿಲ್ ಬಿಸಿಲು, ಕರೀ ಪೆಟ್ಟಿಗೆ, ಹನ್ನೆರಡರಿಂದ ಆರರ ತನಕ," ಎಂದೆ. "ಒಳಗೆ ಅಂಟು ಕರಗಿ, ಸುತ್ತಿದ ದಾರ ಸಡಿಲಾಗಿದೆ. ನಾಲ್ಕು ತಂತಿ ಬಿಗಿಯಾಗಿ ಎಳೀತಿದ್ವು. ಅರ್ಧ ಕತ್ತು ಅಂಟು ಬಿಟ್ಟುಕೊಂಡು, ಉಳಿದರ್ಧ ತಾನೇ ಸಿಗಿದಿದೆ. ಯಾರೂ ಬೀಳಿಸಿಲ್ಲ ಸಾರ್. ಮುಟ್ಟೂ ಇಲ್ಲ."

ಜೀವಮಾನದಲ್ಲಿ ಹೊಸಬರೊಬ್ಬರ ಮುಂದೆ ಅಷ್ಟು ಮಾತು ನಾನಾಡಿದ್ದು ಅದೇ ಮೊದಲು.

ಬಾಲರಾಜ್ ಗಿಟಾರಿನ ತಲೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ತುಂಬಾ ಹೊತ್ತು ನೋಡಿದರು. ಒಪ್ಪಿಕೊಂಡರು ಅಂದುಕೊಂಡೆ.

"ಜಾಣೆ ಇದೀಯಮ್ಮ," ಎಂದರು. "ಸರಿ, ಹಳೇ ಮುರುಕು. ಅಂಗಾದ್ರೆ ಹಳೇದನ್ನ ಮುರಿದೋನು ಯಾರು?"

ನಾನು ಡೈರಿಯ ಪುಟ ತಿರುವಿದೆ.

"ಹನ್ನೊಂದು ವರ್ಷದಾಗೆ ಇದನ್ನ ನುಡಿಸಿದೋರು ಇಬ್ರೇ. ಮುರುಗೇಂದ್ರಪ್ಪ, ಆಮೇಲೆ ನಿಮ್ಮಣ್ಣ. ಮುರುಗೇಂದ್ರಪ್ಪ ದಾವಣಗೆರೆಯೋನು, ತೀರ್ಕೊಂಡ. ಅವನಿಗೆ ನಿಮ್ಮ ಲಾಳಿ ಕಟ್ಟೋದು ಎಲ್ಲಿ ಬರ್ಬೇಕು? ನಮ್ಮೂರ ಕೈ ಅಂತ ಇವರೇ ಹೇಳ್ತಾರೆ. ತಂಡದಾಗೆ ಮೊಳಕಾಲ್ಮುರಿನೋನು ಯಾರಲೇ ಲೋಹಿತ?"

"ನಾನು," ಅಂದ ಅಣ್ಣ.

"ಎರಡು ವರ್ಷದಿಂದ ನಿನ್ನ ಕೈಯಾಗೈತೆ. ಎಂದೋ ಮುರಿದು, ಊರಿಗೆ ತಂದು ಗುಟ್ಟಾಗಿ ಕಟ್ಟಿಸ್ಕೊಂಡು ಹೋಗಿದೀಯ. ನಿನ್ನ ತಂಗಿ ಅದನ್ನೇ ಸಾಬೀತು ಮಾಡಿದ್ಲು ನೋಡು!"

ಅಣ್ಣನನ್ನು ಬಿಡಿಸಲೆಂದು ನಾನೇ ಹೆಣೆದ ಬಲೆ ಅವನ ಮೇಲೇ ಬಿದ್ದಿತ್ತು.

"ಕಟ್ಟಿದ ಕೈ ಯಾವುದು ಅಂತ ಹೇಳು," ಎಂದರು ಬಾಲರಾಜ್ ಹೊರಗೆ ಹೋಗುತ್ತಾ. "ಹೆಸರು ಹೇಳು. ಅದು ನಿಮ್ಮಣ್ಣನ ಕಾಲದ್ದಲ್ಲ ಅಂತಾದ್ರೆ ನಾಳೆ ಇವನೇ ಸ್ಟೇಜ್ ಮೇಲಿರ್ತಾನೆ. ಇಲ್ಲಾಂದ್ರೆ ಬಳ್ಳಾರಿಗೆ ಫೋನ್ ಮಾಡ್ತೀನಿ. ಅಜ್ಜ ಅಂಟು ಹಾಕೋದ್ರೊಳಗೆ ಹೇಳ್ಬೇಕು."

ಹೊರಗೆ ಬೇವಿನ ಮರದ ಕೆಳಗೆ ನಿಂತು ಸಿಗರೇಟು ಹಚ್ಚಿದರು.

ಈಗಿನ ಬಿಳಿ ಅಂಟು ಹಿಡಿಯಲು ಒಂದು ರಾತ್ರಿ ಬೇಕು. ಸಂಜೆಯೊಳಗೆ ಜೋಡಿಸಿ ಬಿಗಿಯದಿದ್ದರೆ ನಾಳೆಗೆ ಗಿಟಾರೇ ಇಲ್ಲ. ಜೋಡಿಸಿದರೆ ಹಳೆಯ ಗಾಯ ಒಳಗೆ ಸೇರಿ ಮುಚ್ಚಿಹೋಗುತ್ತದೆ. ಸೂರಪ್ಪಜ್ಜ ಆಗಲೇ ಗಟ್ಟಿ ಜಾತಿಯ ಕಮರದ ಮರದಿಂದ ಬೆರಳಗಲದ ಎರಡು ಪಟ್ಟಿ ಸೀಳಿಟ್ಟಿದ್ದರು, ಕತ್ತಿನ ಬೆನ್ನಿಗೆ ಆಸರೆ ಕೊಡಲು.

"ಹಳೇ ದಾರ ತೆಗೀಲೇಬೇಕು," ಎಂದರು. "ಇಲ್ದಿದ್ರೆ ಹೊಸ ಅಂಟು ಕಚ್ಚಲ್ಲ."

ಬಿಸಿನೀರಿನ ಬಟ್ಟೆ ಒತ್ತಿ, ದಾರದ ತುದಿ ಹುಡುಕಿ, ಬಿಚ್ಚತೊಡಗಿದರು. ಒಂದು ಸುತ್ತು. ಎರಡು. ಅಂಟಿನಲ್ಲಿ ಕಂದಾಗಿದ್ದ ಬಿಳಿ ರೇಷ್ಮೆ ಸುರುಳಿ ಸುರುಳಿಯಾಗಿ ಮಣೆಯ ಮೇಲೆ ಬಿತ್ತು. ನಾನು ಬಗ್ಗಿ ನೋಡುತ್ತಿದ್ದೆ. ಹೊಸೆದ ಜಾಗಗಳನ್ನು ಎಣಿಸುತ್ತಿದ್ದೆ. ಅವರ ಕೈ ಒಮ್ಮೆಲೇ ನಿಂತಿತು.

ಕೊನೆಯ ಸುತ್ತಿನ ಕೆಳಗೆ, ಮರಕ್ಕೆ ಒತ್ತಿಕೊಂಡು, ಒಂದು ಹಸಿರೆಳೆ.

ಅಂಟು ಅದನ್ನು ತಲುಪಿರಲಿಲ್ಲ. ವರ್ಷಗಟ್ಟಲೆ ಕತ್ತಲಲ್ಲಿದ್ದೂ ನಿನ್ನೆ ಬಣ್ಣ ಹಾಕಿದ ಹಾಗಿತ್ತು. ಗಿಳಿ ಹಸಿರು.

ಸೂರಪ್ಪಜ್ಜ ನನ್ನ ಮುಖ ನೋಡಿದರು. ಈ ಬೀದಿಯಲ್ಲಿ ಅವ್ವ ಕಟ್ಟಿಕೊಟ್ಟ ಲಾಳಿಗಳನ್ನು ಅವರೂ ನೋಡಿದವರೇ. ಅಣ್ಣನೂ ಎಳೆ ನೋಡಿದ.

"ಅವ್ವ ಈ ಗಿಟಾರ್ ಕಣ್ಣಿಂದಾನೂ ನೋಡಿಲ್ಲ," ಅಂದ ಅಣ್ಣ ಪಿಸುಗುಟ್ಟುತ್ತಾ. "ನಾನು ಸೇರಿ ಎರಡು ವರ್ಷ ಆಯ್ತು, ಒಂದು ಪ್ರೋಗ್ರಾಮಿಗೂ ಬಂದಿಲ್ಲ. ಬಾಲಣ್ಣ ಮನೆ ತನಕ ಬಂದ್ರೆ ಹಿತ್ತಲಿಗೆ ಹೋಗಿಬಿಡ್ತಾಳೆ."

ಹೌದು. ಹಿತ್ತಲಿಗೆ ಹೋಗಿಬಿಡುತ್ತಾಳೆ. ಸಂಕೋಚ ಅಂದುಕೊಂಡಿದ್ದೆ. ನನ್ನ ಸ್ವಭಾವ ಅವಳದ್ದೇ ಅಂದುಕೊಂಡಿದ್ದೆ.

ಹಸಿರೆಳೆಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡು, ಡೈರಿಯನ್ನು ಮಣೆಯ ಮೇಲೇ ಬಿಟ್ಟು, ಹಿಂಬಾಗಿಲಿಂದ ಎಸ್.ಟಿ.ಡಿ. ಬೂತಿಗೆ ಓಡಿದೆ.

ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆ ಚಿನ್ನಕ್ಕನದು. ಫೋನು ಅವರಲ್ಲೇ. ಅವ್ವ ಬಂದಾಗಲೂ ಆ ಕಡೆ ಮಿಕ್ಸಿ ತಿರುಗುತ್ತಲೇ ಇತ್ತು.

"ಏನಾತೇ?"

"ಅವ್ವಾ, ಗಿಟಾರಿನ ಕತ್ತಿನಾಗೆ ಹಸಿರೆಳೆ ಸಿಕ್ತು."

ಮಿಕ್ಸಿ ನಿಂತಿತು.

"ಕಟ್ಟಿದೋಳು ನೀನಾ?"

"ಹೂಂ."

"ಅಣ್ಣ ಸೇರೋಕೆ ಮುಂಚೆ ತಾನೇ?"

"ಭಾಳ ಮುಂಚೆ. ಆ ಗಿಟಾರು ಬಂದು ತಿಂಗಳೂ ಆಗಿರ್ಲಿಲ್ಲ."

ಎದೆಯ ಮೇಲಿಂದ ಒಂದು ಚೀಲ ಇಳಿದಂತಾಯಿತು. ಅಣ್ಣ ಉಳಿದ. "ಮುರಿದಿದ್ದು ಯಾರು? ಮುರುಗೇಂದ್ರಪ್ಪನಾ?"

"ಸತ್ತೋನ ಹೆಸರು ಎಳೀಬ್ಯಾಡ. ಅವನು ಮುರಿದೋನಲ್ಲ, ಕಟ್ಟಿಕೊಡು ಅಂತ ಕೈಮುಗಿದೋನು." ಅವ್ವ ಉಸಿರೆಳೆದುಕೊಂಡಳು. "ಮುರಿದೋಳೂ ನಾನೇ."

ಬೂತಿನ ಕೆಂಪು ಅಂಕಿಗಳು ಓಡುತ್ತಿದ್ದವು. ಹೀರೇಕಾಯಿ ಮುರಿದಾಗಲೂ ಅಯ್ಯೋ ಅನ್ನುವ ಹೆಂಗಸು ನಮ್ಮವ್ವ.

"ಯಾಕವ್ವಾ?"

"ಲೋಹಿತನ ಕೆಲ್ಸ ಉಳೀತೈತೆ ಅಂದ್ರೆ ನನ್ನ ಹೆಸರು ಹೇಳಿಬಿಡು. ಹೆದರ್ಕೋಬ್ಯಾಡ, ನಾನು ಹೆದರಿದ್ದು ಸಾಕು. ಆದ್ರೆ ಯಾಕೆ ಅಂತ ನನ್ನ ಕೇಳ್ಬ್ಯಾಡ. ಬಾಲರಾಜನ್ನ ಕೇಳು."

ಫೋನು ಇಟ್ಟಳು.

ಎರಡು ವರ್ಷದಲ್ಲಿ ಅವ್ವ ಆ ಹೆಸರು ಒಂದು ಸಲವೂ ಹೇಳಿದ್ದಿಲ್ಲ. 'ನಿಮ್ಮ ಓನರು' ಅಷ್ಟೇ. ಈಗ ಬಾಲರಾಜ ಅಂದಳು. ಜೊತೆಗೆ ಆಡಿ ಬೆಳೆದವರನ್ನು ಕರೆಯುವ ಹಾಗೆ.

ಓಡುತ್ತಲೇ ವಾಪಸು ಬಂದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ: ಕಟ್ಟಿದ್ದು ನಮ್ಮವ್ವ ತಿಪ್ಪೇರುದ್ರಮ್ಮ, ಎಂಬತ್ತೆಂಟರಲ್ಲಿ.

ತಡವಾಗಿತ್ತು.

ಗಿಟಾರಿನ ಕತ್ತು ಒಂದಾಗಿತ್ತು. ಎರಡು ಹಲಗೆಗಳ ನಡುವೆ ಸೇರಿಸಿ, ಹಗ್ಗ ಸುತ್ತಿ, ಬೆಣೆ ಹೊಡೆದು ಬಿಗಿದಿದ್ದರು. ಅಂಚುಗಳಲ್ಲಿ ಬಿಳಿ ಅಂಟು ಹಾಲಿನ ಕೆನೆಯಂತೆ ಉಕ್ಕಿ ನಿಂತಿತ್ತು. ಹಳೆಯ ದಾರದ ಸುರುಳಿ ಕಾಣಲಿಲ್ಲ. ಮೂಲೆಯ ಒಲೆಯಿಂದ ಸುಟ್ಟ ರೇಷ್ಮೆಯ ವಾಸನೆ ಬರುತ್ತಿತ್ತು. ಸೂರಪ್ಪಜ್ಜ ಕೊನೆಗೂ ಬೀಡಿ ಹಚ್ಚಿದ್ದರು, ನನ್ನ ಕಡೆ ನೋಡಲಿಲ್ಲ.

"ಬಾರಮ್ಮ," ಎಂದರು ಬಾಲರಾಜ್. "ಇನ್ನು ಪತ್ತೇದಾರಿಕೆ ಬ್ಯಾಡ. ನಿಮ್ಮಣ್ಣ ಬಾಯಿಬಿಟ್ಟ."

ಅಣ್ಣ ಗೋಡೆಗೆ ಒರಗಿ ನಿಂತಿದ್ದ. "ಹೋದ ವರ್ಷ ನನ್ನ ಕೈಯಿಂದಾನೇ ಬಿದ್ದಿತ್ತು," ಎಂದ, ಒಪ್ಪಿಸುವ ಹಾಗೆ. "ನಾನೇ ಇಲ್ಲಿಗೆ ತಂದು ಕಟ್ಟಿಸ್ಕೊಂಡೆ. ಯಾರು ಕಟ್ಟಿದ್ರು ಅಂತ ನೆನಪಿಲ್ಲ."

"ಅಣ್ಣಾ!"

"ನೀನು ಸುಮ್ನಿರು ಸ್ವಪ್ನ."

"ಸುಳ್ಳು ಸಾರ್. ಕಟ್ಟಿದ್ದು—"

"ಸುಮ್ನಿರು ಅಂದೆ!"

ಅದಕ್ಕೆ ಮುಂಚೆ ಅವನು ನನ್ನ ಮೇಲೆ ಎಂದೂ ಕೂಗಿದ್ದು ನೆನಪಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಅವ್ವ ಹೆಸರು ಹೇಳು ಅಂದಿದ್ದಾಳೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವ್ವನನ್ನು ಕಾಪಾಡಲು ಅವನು ಗಿಟಾರ್ ನುಡಿಸುವ ತನ್ನ ಬೆರಳುಗಳನ್ನೇ ಕೊಟ್ಟುಬಿಟ್ಟಿದ್ದ.

ಬಾಲರಾಜ್ ಬೈಕಿನ ಕೀ ತೆಗೆದುಕೊಂಡರು. "ನಾಳೆಯಿಂದ ಬರಬ್ಯಾಡ. ಗಿಟಾರ್ ತಗೊಂಡು ಹೋಗಾಕೆ ಜನ ಕಳಿಸ್ತೀನಿ."

ಹೊರಡುವ ಮುಂಚೆ ಮಣೆಯ ಮೇಲಿದ್ದ ನನ್ನ ಡೈರಿ ಕಂಡಿತು. "ತಗೋಮ್ಮ, ನಿನ್ನ ಕೇಸ್ ಪುಸ್ತಕ," ಎಂದು ನಗುತ್ತಾ ಎತ್ತಿ ನನ್ನ ಕಡೆ ಚಾಚಿದರು.

ಚಾಚಿದ ಕೈ ಅಲ್ಲೇ ನಿಂತಿತು.

ನಗು ಮೊದಲು ಹೋಯಿತು. ಆಮೇಲೆ ಅವರು ಡೈರಿಯನ್ನು ಮೆಲ್ಲಗೆ ತಿರುಗಿಸಿ, ಬೆನ್ನಿನ ಹೊಲಿಗೆಯ ಮೇಲೆ ಹೆಬ್ಬೆರಳು ಇಟ್ಟರು. ಬಿಳಿ ದಾರದ ನಡುವೆ ಹಸಿರೆಳೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಎಲ್ಲಿ ಮುಗಿಯುತ್ತದೋ ಅಲ್ಲಿಯ ತನಕ ಸವರಿದರು. ಕುರುಡರು ಮುಖ ಗುರುತು ಹಿಡಿಯುವ ಹಾಗೆ.

"ಮುರಿದಿದ್ದಕ್ಕೆ," ಎಂದರು ಬಾಲರಾಜ್, ಯಾರಿಗೂ ಅಲ್ಲದ ಧ್ವನಿಯಲ್ಲಿ, "ಒಂದೆಳೆ ಹಸಿರಿರ್ಲಿ."

ನನ್ನ ಮುಷ್ಟಿಯೊಳಗೆ ಎಳೆ ಬೆವರಿಗೆ ಅಂಟಿಕೊಂಡಿತ್ತು.

ಅವರು ಅಣ್ಣನ ಕಡೆ ತಿರುಗಿದರು. ಎರಡು ವರ್ಷ ಜೊತೆಗಿಟ್ಟುಕೊಂಡ ಹುಡುಗನನ್ನು ಈಗಷ್ಟೇ ನೋಡುತ್ತಿರುವವರ ಹಾಗೆ, ಅಲ್ಲಿ ಇನ್ಯಾರದೋ ಮುಖ ಹುಡುಕುತ್ತಾ, ಹಣೆ, ಮೂಗು, ಗದ್ದ, ಒಂದೊಂದನ್ನೇ ನೋಡಿದರು.

"ಲೋಹಿತ," ಎಂದರು. "ನಿಮ್ಮವ್ವನ ಹೆಸರೇನಪ್ಪಾ?"